ರಾತ್ರಿ ಒಂಬತ್ತರ ಬಿಸಿಲು

ಶಹಾಪುರ

ನಾನು ಫ್ರಾನ್ಸಿಗೆ ವಿದ್ಯಾರ್ಥಿಯಾಗಿ ಹೋಗಿಬಂದೆ ಎಂದರೆ ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದೇ ಸರಿ. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಯತ್ನದಲ್ಲಿ ಪಾಸು ಮಾಡಿ, ಆಮೇಲೆ ಬದುಕೆಲ್ಲ ಸೀರೆ ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಕೂತವನು ನಾನು. ಅಂಥವನು ಎಪ್ಪತ್ತು ದಾಟಿದ ಮೇಲೆ ನೃತ್ಯ ಮತ್ತು ಸಾಹಿತ್ಯ ಕಲಿಯಲು ಸಮುದ್ರ ದಾಟಿದೆ ಎಂದರೆ ನನಗೇ ನಗು ಬರುತ್ತದೆ. ಇದ್ದದ್ದನ್ನು ಹೇಳಿಬಿಡುತ್ತೇನೆ: ನಾನು ಹೋದದ್ದು ಕಲಿಯಲು ಅಲ್ಲ, ಕಾಯಲು.

ಮೊಮ್ಮಗಳು ಅಕ್ಷತಾ ಬೆಳಗಾವಿಯ ಕಾಲೇಜಿನಲ್ಲಿ ಓದುತ್ತಾಳೆ. ಚಿಕ್ಕಂದಿನಿಂದ ಭರತನಾಟ್ಯ, ಈಚೆಗೆ ಫ್ರೆಂಚ್ ಭಾಷೆ. ಅವರ ಕುಲಕರ್ಣಿ ಮೇಡಂ ಬೇಸಿಗೆಯಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಲಿಯೋನ್ ಎಂಬ ಊರಿಗೆ ಹೊರಟಿದ್ದರು. ಮೂರು ವಾರ ಅಲ್ಲಿಯ ಜನಜೀವನ, ಕುಣಿತ, ಸಾಹಿತ್ಯದ ಪಾಠ. ಕೊನೆಗೆ ಅಲ್ಲಿಯ ನೃತ್ಯಶಾಲೆಯವರು ಒಬ್ಬರನ್ನು ಆರಿಸಿ ಇಡೀ ವರ್ಷ ಇಟ್ಟುಕೊಂಡು ಕಲಿಸುತ್ತಾರೆ. ಆ ಒಂದು ಜಾಗದ ಮೇಲೆ ಅಕ್ಷತಾಳ ಜೀವವಿತ್ತು.

ನನ್ನ ಮಗ ಭರತೇಶ ಮಗಳನ್ನು ಒಬ್ಬಳೇ ಕಳಿಸಲು ಒಪ್ಪಲಿಲ್ಲ. ಹೈಸ್ಕೂಲು ಪಾಸಾದ ಯಾರಾದರೂ ಸೇರಬಹುದು ಎಂದು ಮೇಡಂ ಬಾಯಿತಪ್ಪಿ ಹೇಳಿದ್ದೇ ತಡ, ಅವನು ನನ್ನ ಕಡೆ ತಿರುಗಿದ.

"ಅಪ್ಪಾ, ನೀವ ಹೋಗ್ರಿ. ನಿಮ್ಮ ಕಣ್ಣು ಅಕಿ ಮ್ಯಾಲ ಇರ್ಲಿ. ಬಂದ ಮ್ಯಾಲ ನೀವು ಹೂಂ ಅಂದ್ರ ಅಕಿ ವರ್ಷ ಇರಾಕ ಹೋಗ್ಲಿ. ಊಂಹೂಂ ಅಂದ್ರ ಮುಗೀತು."

ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನನ್ನ ಹೂಂ ಊಂಹೂಂಗಳಿಗೆ ಮನೆಯಲ್ಲಿ ಗಿರಾಕಿ ಇರಲಿಲ್ಲ. ಮೂಲೆಯಲ್ಲಿ ಕೂತು, ಹೆಂಗಸರು ಬಿಚ್ಚಿಸಿ ನೋಡಿ ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಚುವುದಷ್ಟೇ ನನ್ನ ಕೆಲಸ. ಹಾಗಾಗಿ ಈ ಹೊಸ ಅಧಿಕಾರ ತಲೆಗೆ ಏರಿತು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಪ್ಯಾರಿಸ್, ವಿಮಾನ ನಿಲ್ದಾಣ

ಪ್ಯಾರಿಸ್ಸಿನಲ್ಲಿ ನಾನು ನೋಡಿದ್ದು ಒಂದು ಮೇಜು ಮಾತ್ರ. ಅದರ ಹಿಂದೆ ನಿಂತ ಅಧಿಕಾರಿ ನನ್ನ ಚೀಲ ತೆಗೆಸಿದ. ಸೊಸೆ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಕಟ್ಟನ್ನು ಮೇಲೆತ್ತಿ ಬೆರಳಿನಿಂದ ತಟ್ಟಿದ. ಕಿವಿಯ ಹತ್ತಿರ ಹಿಡಿದು ಮತ್ತೆ ತಟ್ಟಿದ. ತಿನ್ನುವ ವಸ್ತು ಎಂದು ಅಕ್ಷತಾ ಫ್ರೆಂಚಿನಲ್ಲಿ ಎಷ್ಟು ಹೇಳಿದರೂ ಅವನ ಮುಖದ ಅನುಮಾನ ಹೋಗಲಿಲ್ಲ. ಕೊನೆಗೆ ಅವಳೇ ಒಂದು ಚೂರು ಮುರಿದು ಕರಕರ ತಿಂದು ತೋರಿಸಿದಳು. ಅವನು ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡ, ಬಹಳ ಹೊತ್ತು ಅಗಿದ, ನಮ್ಮ ಬಗ್ಗೆ ಮರುಕ ಬಂದವನಂತೆ ಹೋಗಿ ಎಂದು ಕೈ ಮಾಡಿದ. ಮೊದಲ ಪರೀಕ್ಷೆಯಲ್ಲಿ ಪಾಸಾದವಳು ಅವಳು. ಕಾಯಲು ಹೋದವನು ಹಿಂದೆ ನಿಂತು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಲಿಯೋನ್, ಒದೆತ್ ಬಾಯಿಯ ಮನೆ

ಲಿಯೋನ್ ಎರಡು ಹೊಳೆಗಳ ನಡುವಿನ ಊರು. ನಮಗಿಬ್ಬರಿಗೂ ಒದೆತ್ ಎಂಬ ಹೆಂಗಸಿನ ಮನೆಯಲ್ಲಿ ಇರಲು ವ್ಯವಸ್ಥೆಯಾಗಿತ್ತು. ಅಂಚೆ ಕಚೇರಿಯಿಂದ ನಿವೃತ್ತಳಾದವಳು, ನನಗಿಂತ ಸ್ವಲ್ಪ ಚಿಕ್ಕವಳು, ನನಗಿಂತ ಬಹಳ ಗಟ್ಟಿಮುಟ್ಟು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗಡ್ಡೆ ಗೆಣಸು ತಿನ್ನುವುದಿಲ್ಲ. ಮೊದಲ ಸಂಜೆ ಆರು ಗಂಟೆಗೆ ನಾನು ಕೋಣೆಯಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದು, ಬಾಯಿ ಮುಕ್ಕಳಿಸಿ, ಇವತ್ತಿನ ನೇಮ ಮುಗಿಯಿತೆಂದು ಕೈ ಮುಗಿದೆ. ಎಂಟು ಗಂಟೆಗೆ ಒದೆತ್ ಬಾಯಿ ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿ ಮೂರು ತಟ್ಟೆ ಇಟ್ಟು ಕರೆದಳು. ನಾನು ಒಬ್ಬನೇ ಉಂಡೆ ಎಂದು ತಿಳಿದಾಗ ಅವಳ ಮುಖ ಸಣ್ಣದಾಯಿತು. ಅಲ್ಲಿ ಒಬ್ಬರೇ ಮೊದಲು ಉಂಡುಬಿಡುವುದೆಂದರೆ ಮನೆಯವರ ಜೊತೆ ಕೂಡಲು ಮನಸ್ಸಿಲ್ಲ ಎಂದು ಅರ್ಥವಂತೆ. ಅಕ್ಷತಾ ಕಿಡಕಿಯ ಪರದೆ ಸರಿಸಿದಳು.

"ಅಜ್ಜಾ, ಹೊರಗ ನೋಡು. ಹೊತ್ತು ಇನ್ನೂ ಮ್ಯಾಲ ಐತಿ. ನೀ ನೇಮ ಹಿಡದದ್ದು ಸೂರ್ಯಾಂದೋ, ಗಡಿಯಾರದ್ದೋ?"

ಎದುರಿನ ಗೋಡೆಯ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆ ನಾಡಿನಲ್ಲಿ ಬೇಸಿಗೆಯ ಹೊತ್ತು ಮುಳುಗುವುದು ರಾತ್ರಿ ಒಂಬತ್ತು ಹೊಡೆದು ಅರ್ಧ ತಾಸಾದ ಮೇಲೆ. ಜೀವಮಾನವೆಲ್ಲ ಗಡಿಯಾರದ ವ್ರತ ಹಿಡಿದು ಅದನ್ನು ಸೂರ್ಯನ ಖಾತೆಗೆ ಹಾಕಿದ್ದೆ ಎಂದು ನನಗೆ ಗೊತ್ತಾದದ್ದು ಆವತ್ತು. ಹೀಗೆ ಜ್ಞಾನೋದಯವಾದ ಕೂಡಲೇ ಎರಡನೆಯ ಸಲ ಊಟಕ್ಕೆ ಕೂತೆ. ಆಮೇಲೆ ದಿನಾಲೂ ಆರಕ್ಕೂ ಉಂಡೆ, ಎಂಟಕ್ಕೂ ಉಂಡೆ. ನೇಮಕ್ಕೆ ಎಲ್ಲಿಯೂ ಭಂಗ ಬರಲಿಲ್ಲ.

ಭಂಗ ಬಂದದ್ದು ಉಳ್ಳಾಗಡ್ಡಿಯಿಂದ. ಒಂದು ಸಂಜೆ ಒದೆತ್ ಬಾಯಿ ಅದನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ನೀರು ಹಾಕಿ ಕುದಿಸಿ, ಮೇಲೆ ಬ್ರೆಡ್ಡು ಮತ್ತು ಚೀಸು ಇಟ್ಟು ಬೇಯಿಸಿದ ಸಾರು ಮಾಡಿದಳು. ಊರಿಗೆ ಬಂದ ಮೇಲೆ ಬಸದಿಯಲ್ಲಿ, ತಿಳಿಯದೆ ತಿಂದೆ ಎಂದು ಹೇಳಿದ್ದೇನೆ. ಅದು ಸುಳ್ಳು. ಅವಳು ಹೆಚ್ಚುವಾಗ ಬಾಜೂಕ್ಕೆ ನಿಂತು ನೋಡಿದ್ದೆ, ಕಣ್ಣಲ್ಲಿ ನೀರು ಸಹ ಬಂದಿತ್ತು. ಅಕ್ಷತಾ ಮುಟ್ಟಲಿಲ್ಲ. ನಾನು ಎರಡನೆಯ ಬಟ್ಟಲು ಕೇಳಿದೆ.

ನೃತ್ಯಶಾಲೆ

ಅಲ್ಲಿಯ ಅಂಗಡಿಗಳಲ್ಲಿ ಒಳಗೆ ಹೋದ ಗಿರಾಕಿಯೇ ಮೊದಲು ನಮಸ್ಕಾರ ಹೇಳಬೇಕು. ನಮ್ಮಲ್ಲಿ ಬರ್ರಿ, ಕುಂದರ್ರಿ ಎನ್ನುವುದು ಅಂಗಡಿಯವನ ಕೆಲಸ. ಗಿರಾಕಿಗಳು ಚಪ್ಪಲಿ ಬಿಡುವ ಮೊದಲೇ ಮೇಲಿನ ಕಪಾಟಿನ ಸೀರೆಗೆ ಬೆರಳು ತೋರಿಸುತ್ತಾರೆ. ನಾನು ಒಂದು ಸಾಬೂನಿಗೆ ಹಾಗೆ ಬೆರಳು ತೋರಿಸಿ ನಿಂತೆ. ಅಂಗಡಿಯಾಕೆ ಬೋಂಜೂರ್ ಎಂದಳು. ನಾನು ಸಾಬೂನು ಎಂದೆ. ಅವಳು ಮತ್ತೆ ಬೋಂಜೂರ್ ಎಂದಳು. ನಾನು ತಿರುಗಿ ಹೇಳುವವರೆಗೂ ಸಾಬೂನು ಕಪಾಟಿನಿಂದ ಇಳಿಯಲಿಲ್ಲ. ಇಷ್ಟು ವರ್ಷ ಗಿರಾಕಿಗಳ ಮುಂದೆ ಬಾಗಿ ಬಾಗಿ ಬೆನ್ನು ನೋಯಿಸಿಕೊಂಡವನಿಗೆ ಆಕೆಯ ಮೇಲೆ ಗೌರವ ಮೂಡಿತು.

ಮುಂಜಾನೆ ಸಾಹಿತ್ಯ, ಮಧ್ಯಾಹ್ನ ಕುಣಿತ. ಹೆಸರು ಹಚ್ಚಿದವರೆಲ್ಲ ಕುಣಿಯಲೇಬೇಕು, ಕುರ್ಚಿಯ ಮೇಲೆ ಕೂತು ನೋಡುವಂತಿಲ್ಲ ಎಂದು ನೃತ್ಯದ ಮಾಸ್ತರ ಮೊದಲ ದಿನವೇ ಹೇಳಿದ. ಪಿಯೇರ್ ಎಂದು ಅವನ ಹೆಸರು. ಒಣಗಿದ ಜೋಳದ ದಂಟಿನಂಥ ಮೈ, ಬೆಳ್ಳಗಿನ ತಲೆ. ಎಲ್ಲರಿಗೂ ನೆಲದ ಮೇಲೆ ಕಾಲು ಮಡಚಿ ಕೂತು ನೆಲವನ್ನು ಅನುಭವಿಸಿ ಎಂದ. ಬೇರೆ ದೇಶಗಳಿಂದ ಬಂದವರು ನರಳಿದರು. ನಾನು ಗಾದಿಯ ಮೇಲೆ ಕೂತ ಹಾಗೆ ಕೂತೆ. ಮಾಸ್ತರ ನನ್ನನ್ನು ಎಲ್ಲರಿಗೂ ತೋರಿಸಿ ಹೊಗಳಿದ. ಆಮೇಲೆ ಏಳಿ ಎಂದ. ಎಲ್ಲರೂ ಎದ್ದರು. ನನ್ನನ್ನು ಎಬ್ಬಿಸಲು ಇಬ್ಬರು ಬೇಕಾದರು.

ಕಲಿಸಿದ್ದು ಅಲ್ಲಿಯ ಹಳ್ಳಿಗಳ ಜೋಡಿ ಕುಣಿತ. ದುಂಡಗೆ ನಿಂತು, ಜೊತೆಗಾರರ ಕೈ ಹಿಡಿದು ಎರಡು ಹೆಜ್ಜೆ ಬಲಕ್ಕೆ, ಎರಡು ಎಡಕ್ಕೆ, ಒಂದು ಸುತ್ತು. ಸುತ್ತು ಮುಗಿದೊಡನೆ ಜೊತೆ ಬದಲಾಗುತ್ತದೆ. ಮುದುಕ, ಹುಡುಗಿ, ಹೆಂಗಸು, ಯಾರು ಎದುರಿಗೆ ಬಂದರೂ ಅವರ ಕೈ ಹಿಡಿಯಬೇಕು. ಬೇಡ ಎನ್ನುವುದು ಅವಮಾನ. ಮೊದಲ ದಿನ ನಾನು ಧೋತರ ಉಟ್ಟು ಹೋಗಿದ್ದೆ. ಕೆನಡಾದ ಒಬ್ಬ ಹುಡುಗಿ ಅದರ ಅಂಚನ್ನು ತುಳಿದು ನಿಂತಳು. ನಾನು ಸುತ್ತು ತಿರುಗಿದೆ, ಧೋತರ ತಿರುಗಲಿಲ್ಲ. ಕುಲಕರ್ಣಿ ಮೇಡಂ ತಮ್ಮ ಶಾಲು ಎಸೆದು ಮಾನ ಉಳಿಸಿದರು. ಮರುದಿನದಿಂದ ಪ್ಯಾಂಟು.

ಅಕ್ಷತಾ ಮಾತ್ರ ಹುಟ್ಟಿದ್ದೇ ಅಲ್ಲಿ ಎಂಬಂತೆ ಕುಣಿದಳು. ಅವಳು ಹೆಜ್ಜೆ ಹಾಕಿದರೆ ಮಾಸ್ತರ ಕೈ ತಟ್ಟುವುದನ್ನೂ ಮರೆತು ನಿಲ್ಲುತ್ತಿದ್ದ. ವರ್ಷದ ಜಾಗ ಅವಳಿಗೇ ಎಂದು ಎಲ್ಲರೂ ಮಾತಾಡಿಕೊಂಡರು.

ಹೊಳೆಯ ದಂಡೆ

ಬೇಸಿಗೆಯ ಸಂಜೆಗಳಲ್ಲಿ ಊರಿನವರು ಹೊಳೆಯ ದಂಡೆಗೆ ಬಂದು, ಯಾರೋ ಬಾರಿಸುವ, ನಮ್ಮ ಹಾರ್ಮೋನಿಯಂ ಥರದ ಪೇಟಿಗೆ ಇದೇ ಕುಣಿತ ಕುಣಿಯುತ್ತಾರೆ. ಪಿಯೇರ್ ಮಾಸ್ತರ ನಮ್ಮನ್ನೂ ಕರೆದುಕೊಂಡು ಹೋದ. ಒದೆತ್ ಬಾಯಿ ನನ್ನ ಕೈ ಹಿಡಿದು ವರ್ತುಲದೊಳಗೆ ಎಳೆದಳು. ಆಮೇಲೆ ಒಬ್ಬ ಅಡುಗೆಯವನು, ಆಮೇಲೆ ಕೆಂಪು ಕೂದಲಿನ ಒಬ್ಬ ಅಜ್ಜಿ, ಹೀಗೆ ಎಷ್ಟು ಕೈಗಳನ್ನು ಹಿಡಿದೆನೋ ನೆನಪಿಲ್ಲ. ಒಂಬತ್ತು ಗಂಟೆಯ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮೊಣಕಾಲು ನನಗೆ ಇದೆ ಎಂಬುದೇ ಮರೆತಿತ್ತು. ಅಷ್ಟು ಸಂತೋಷ ಬಹಳ ವರ್ಷಗಳಿಂದ ಪಟ್ಟಿರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ದಿನಾ ಬೆಳಿಗ್ಗೆ ನಾನು ಭರತೇಶನಿಗೆ ಫೋನು ಮಾಡುತ್ತಿದ್ದೆ. ಅಲ್ಲಿ ಶಹಾಪುರದಲ್ಲಿ ಅಂಗಡಿ ತೆಗೆಯುವ ಹೊತ್ತು. ಮೊದಲ ದಿನ ಸೊಸೆ, ಬಾಜೂ ಮನೆಯವರು ಎಲ್ಲರೂ ಫೋನಿನ ಸುತ್ತ ಕೂತಿದ್ದರು. ಹುಡುಗಿ ಚಲೋ ಇದ್ದಾಳೆ, ಊಟ ಚಲೋ ಇದೆ ಎಂದು ನಾಲ್ಕು ದಿನ ಹೇಳಿದೆ. ಕೇಳುವವರು ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಭರತೇಶನೂ, ಆತು ಇಡ್ತೀನ್ರಿ ಅಪ್ಪಾ, ಗಿರಾಕಿ ಬಂದಾರ ಎನ್ನತೊಡಗಿದ. ನನಗೆ ಮತ್ತೆ ಮೂಲೆಯ ಸೀರೆಗಳು ಕಣ್ಣ ಮುಂದೆ ಬಂದವು.

ಹೊಳೆಯ ದಂಡೆಯ ಮರುದಿನ ಬೆಳಿಗ್ಗೆ ಹೇಳಿದೆ: ನಿನ್ನೆ ರಾತ್ರಿ ಒಂಬತ್ತಕ್ಕೆ ಅಕ್ಷತಾ ಹೊಳೆಯ ದಂಡೆಯ ಮೇಲೆ ಕುಣಿಯುತ್ತಿದ್ದಳು, ಗುರುತಿಲ್ಲದ ಗಂಡುಹುಡುಗರ ಕೈ ಹಿಡಿದು.

ಫೋನಿನ ಆ ಕಡೆ ಸೊಸೆ ಬಂದು ಕೂತ ಸಪ್ಪಳ ಕೇಳಿಸಿತು. ಭರತೇಶ ಮತ್ತೆ ಕೇಳಿದ, ನಾನು ಮತ್ತೆ ಹೇಳಿದೆ. ಗಿರಾಕಿ ಬಂದಿದ್ದಾರೆ ಎಂದು ಆವತ್ತು ಯಾರೂ ಅನ್ನಲಿಲ್ಲ. ಆ ಹೊತ್ತಿಗೆ ಅಲ್ಲಿ ಬಿಸಿಲಿತ್ತು ಎಂದು ನಾನು ಹೇಳಲಿಲ್ಲ. ಅದೇ ವರ್ತುಲದಲ್ಲಿ ನಾನೂ ಕುಣಿಯುತ್ತಿದ್ದೆ ಎಂದೂ ಹೇಳಲಿಲ್ಲ. ಮತ್ತೆರಡು ದಿನ ಇಂಥದೇ ಸುದ್ದಿ ಕೊಟ್ಟೆ. ನನ್ನ ಫೋನಿಗಾಗಿ ಅವರು ಕಾಯತೊಡಗಿದರು.

ಒದೆತ್ ಬಾಯಿಯ ಮನೆ, ಮತ್ತೆ

ಮೂರನೆಯ ದಿನ ಭರತೇಶ ಮಗಳಿಗೇ ಫೋನು ಮಾಡಿದ. ವರ್ಷದ ಮಾತು ಬಿಟ್ಟುಬಿಡು, ಖಾನಾಪುರದ ಒಂದು ಮನೆತನದವರಿಗೆ ನಿನ್ನನ್ನು ತೋರಿಸುತ್ತೇನೆಂದು ಮಾತು ಕೊಟ್ಟಾಗಿದೆ ಎಂದ. ಅಕ್ಷತಾ ಅಡುಗೆಮನೆಗೆ ಬಂದಳು. ನಾನು ಚಹಾ ಕುಡಿಯುತ್ತಿದ್ದೆ. ಅವಳು ಜಗಳ ತೆಗೆಯುತ್ತಾಳೆಂದು ಸಜ್ಜಾಗಿ ಕೂತೆ. ತೆಗೆಯಲಿಲ್ಲ.

"ಅಜ್ಜಾರ, ನೀವು ಹೇಳಿದ್ದರಾಗ ಸುಳ್ಳೇನೂ ಇಲ್ಲ ಬಿಡ್ರಿ. ಒಂಬತ್ತು ಹೊಡದಿತ್ತು, ಕುಣದಿದ್ದೆ, ಕೈನೂ ಹಿಡದಿದ್ದೆ. ನೀವೂ ಅಲ್ಲೇ ಇದ್ರಿ. ನಂಗ ಅದ ಧೈರ್ಯ ಇತ್ತು."

ಹುಟ್ಟಿದಾಗಿನಿಂದ ನೀ ಎನ್ನುತ್ತಿದ್ದ ಮೊಮ್ಮಗಳು ನೀವು ಎಂದಳು. ಆರಿಸುವ ಸ್ಪರ್ಧೆಯಿಂದ ಹೆಸರು ತೆಗೆಸಿ ಬಂದೆ ಎಂದೂ ಹೇಳಿ ಹೋದಳು. ಚಹಾ ಆರಿತು. ಒದೆತ್ ಬಾಯಿಗೆ ಮಾತು ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. ಅವಳು ಕಪ್ಪು ಎತ್ತಿಕೊಂಡು ಹೋದಳು.

ಸಾಹಿತ್ಯದ ಕ್ಲಾಸು

ಸಾಹಿತ್ಯದ ತರಗತಿ ನನಗೆ ನಿದ್ದೆಯ ಜಾಗ. ಟೀಚರ್ ಅರ್ಧ ಪುಟಕ್ಕೆ ಒಂದು ತಾಸು ತೆಗೆದುಕೊಳ್ಳುತ್ತಿದ್ದಳು. ಕೊನೆಗೆ ಏನಾಯಿತು ಎಂದು ನಾನು ಮೇಡಂ ಮೂಲಕ ಕೇಳಿದರೆ, ನಿಮಗೆ ಏನನ್ನಿಸುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದಳು. ಅಂಗಡಿಯಲ್ಲಿ ಹಾಗೆ ಮಾಡಿದರೆ ಒಂದು ಸೀರೆಯೂ ಮಾರಿಹೋಗದು.

ಅಂದು ನಿದ್ದೆ ಬಂದಿರಲಿಲ್ಲ. ಟೀಚರ್ ಕ್ಲಾಸಿಗೆಂದು ತಾನೇ ಬರೆದ ಒಂದು ಪುಟದ ಕಥೆ ಓದಿದಳು. ಕುಲಕರ್ಣಿ ಮೇಡಂ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದರು. ಒಬ್ಬ ಗೃಹಸ್ಥ ತನ್ನ ಕಿಡಕಿಯಿಂದ ಕಂಡದ್ದನ್ನು ಹೇಳುತ್ತಾನೆ: ಎದುರು ಮನೆಯ ವಿಧವೆ ಎಷ್ಟು ಹೊತ್ತಿಗೆ ದೀಪ ಆರಿಸಿದಳು, ಯಾರು ಬಂದರು, ಎಷ್ಟು ನಕ್ಕಳು. ಓದಿ ಮುಗಿಸಿ ಟೀಚರ್ ಕೇಳಿದಳು, ಇವನ ಮಾತಿನಲ್ಲಿ ಸುಳ್ಳು ಯಾವುದು? ಎಲ್ಲರೂ ಹುಡುಕಿದರು. ಸಿಗಲಿಲ್ಲ. ಹಾಗಾದರೆ ಇವನು ಹೇಳದೆ ಬಿಟ್ಟದ್ದು ಯಾವುದು ಎಂದಳು. ಅಷ್ಟು ಹೊತ್ತು ಕಿಡಕಿಯಲ್ಲಿ ತಾನೇನು ಮಾಡುತ್ತಿದ್ದ ಎಂಬುದು, ಎಂದು ಯಾರೋ ಅಂದರು.

ಇಡೀ ಕೋರ್ಸಿನಲ್ಲಿ ನನಗೆ ಅರ್ಥವಾದ ಪಾಠ ಅದೊಂದೇ. ಎದ್ದು ಹೊರಗೆ ಹೋಗಿ ಭರತೇಶನಿಗೆ ಫೋನು ಹಚ್ಚಿದೆ. ಬಿಸಿಲಿನ ಮಾತು ಹೇಳಿದೆ. ನಾನು ಕುಣಿದದ್ದು, ಒದೆತ್ ಬಾಯಿಯ ಕೈ ಹಿಡಿದದ್ದು ಹೇಳಿದೆ. ಉಳ್ಳಾಗಡ್ಡಿಯ ಸಾರಿನದೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ಆವತ್ತ ಹಂಗಂದ್ರಿ, ಇವತ್ತ ಹಿಂಗಂತೀರಿ. ನಾ ಯಾವ ಅಪ್ಪನ ಮಾತು ನಂಬಲಿ?"

ಒಮ್ಮೆ ಕೆಟ್ಟ ಮಾಲು ಕೊಟ್ಟ ಅಂಗಡಿಯ ಒಳ್ಳೆಯ ಮಾಲನ್ನೂ ಗಿರಾಕಿ ತಿರುಗಿಸಿ ತಿರುಗಿಸಿ ನೋಡುತ್ತಾನೆ.

"ಖಾನಾಪುರದವ್ರಿಗೆ ಕೊಟ್ಟ ಮಾತು ಹಿಂದ ತಗೊಳ್ಳಾಕ ನನ್ನಿಂದ ಆಗೂದಿಲ್ಲ," ಎಂದ. "ನೀವ ಬಂದು, ನೀವ ಅವರ ಮುಂದ ಕುಂತು ತಗೊಂಡು ಬರ್ರಿ. ಆಮ್ಯಾಲ ನೋಡೂಣು."

ಹೋಗುತ್ತೇನೆ ಎಂದೆ. ಒಳಗೆ ಬಂದು ಅಕ್ಷತಾಳ ಮುಂದೆ ಅದನ್ನು ಹಾಗೆಯೇ ಹೇಳಿ, ಹೆಸರು ಮತ್ತೆ ಹಚ್ಚಿಸವಾ ಎಂದು ಕೇಳಿಕೊಂಡೆ. ಅವಳು ಹೂಂ ಅನ್ನಲಿಲ್ಲ. ಆದರೆ ಕೊನೆಯ ದಿನ ವೇದಿಕೆಯ ಮೇಲೆ ಇದ್ದಳು. ನಾನು ಹಿಂದಿನ ಸಾಲಿನಲ್ಲಿ ಉಳಿದ ಎಡವಟ್ಟುಗಳ ಜೊತೆ ಹೆಜ್ಜೆ ಹಾಕುತ್ತ ಅವಳ ಬೆನ್ನನ್ನಷ್ಟೇ ಕಂಡೆ. ಅವಳ ಹೆಸರನ್ನೇ ಕರೆದರು. ಒಪ್ಪಿಗೆಯನ್ನು ಊರಿಗೆ ಹೋಗಿ ತಿಳಿಸಬಹುದು ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಂತೋಷಕ್ಕಿಂತ ಪ್ರಶ್ನೆಯೇ ಹೆಚ್ಚಿತ್ತು.

ಖಾನಾಪುರ

ಪ್ರವಾಸಕಥನದಲ್ಲಿ ಖಾನಾಪುರ ಏಕೆ ಬಂತೆಂದು ಓದುಗರು ಕೇಳಬಹುದು. ಇಡೀ ಪ್ರವಾಸದಲ್ಲಿ ನನಗೆ ದೂರವೆನಿಸಿದ ದಾರಿ ಬೆಳಗಾವಿಯಿಂದ ಅಲ್ಲಿಯವರೆಗಿನದೇ. ಭರತೇಶ ಕಾರು ನಡೆಸಿದ. ಅಕ್ಷತಾ ಮನೆಯಲ್ಲೇ ಉಳಿದಳು.

ಅವರದು ಅಕ್ಕಿ ಗಿರಣಿಯ ಮನೆತನ. ವರನ ತಂದೆ ತಾಯಿ ಇದ್ದರೂ ಮನೆಯ ಮಾತು ವರನ ಅಜ್ಜಿಯದು. ಎಲ್ಲರೂ ಆಯಿ ಎಂದು ಕರೆಯುವ ಅವರು ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕೂತಿದ್ದರು. ಅವಲಕ್ಕಿ ಬಂತು, ಚಹಾ ಬಂತು. ನಾನು ಬಾಯಿ ತೆಗೆಯುವ ಮೊದಲೇ ಆಯಿ ಶುರು ಮಾಡಿದರು.

"ಹುಡುಗಿ ಅಲ್ಲೆ ರಾತ್ರ್ಯಾಗ ಗಂಡುಹುಡುಗರ ಕೂಡ ಕುಣಿದ್ಲು ಅಂತ ಸುದ್ದಿ ಬಂದೈತಿ. ಖರೇ ಏನ್ರಿ?"

ನನ್ನ ಫೋನಿನ ಮಾತು ನನಗಿಂತ ಮೊದಲೇ ಖಾನಾಪುರಕ್ಕೆ ಬಂದು ಅವಲಕ್ಕಿ ತಿಂದು ಹೋಗಿತ್ತು. ನಾನು ಗುಟುಕು ಚಹಾ ನುಂಗಿದೆ.

"ಆ ಸುದ್ದಿ ಹುಟ್ಟಿಸಿದಾವ ನಾನ ರೀ ಆಯಿ. ಗಡಿಯಾರದಾಗ ಒಂಬತ್ತು ಹೊಡದಿತ್ತು, ಆದ್ರ ನೆತ್ತಿ ಸುಡೂವಂಥಾ ಬಿಸಲಿತ್ತು. ಅಕಿ ಒಬ್ಬಾಕಿನ ಅಲ್ಲ, ನಾನೂ ಕುಣಿದೆ. ಅಕಿ ಮಾಡಿದ್ದು ತಪ್ಪಾದ್ರ ನಂದೂ ತಪ್ಪ. ನನ್ನ ಮಾತು ಕೇಳಿ ನಮ್ಮ ಭರತೇಶ ನಿಮಗ ಮಾತು ಕೊಟ್ಟಾನ. ಅದನ್ನ ವಾಪಸ್ ಬೇಡಾಕ ಬಂದೀನಿ. ಅಕಿ ಓದಾಕ ಹೋಗಬೇಕಾಗೇತಿ."

ನೆತ್ತಿ ಸುಡುವಷ್ಟು ಇರಲಿಲ್ಲ, ಆ ಒಂದು ಮಾತು ಮತ್ತೆ ಹೆಚ್ಚಾಯಿತು. ಹಳೆಯ ಚಾಳಿ.

ಆಯಿ ಜೋಕಾಲಿ ನಿಲ್ಲಿಸಿದರು. "ಕಾಯ್ ಸಾಂಗತಾ, ಏನ್ ಹೇಳ್ತೀರಿ? ಈ ವಯಸ್ಸಿನ್ಯಾಗ ನೀವು? ಯಾರ ಕೈ ಹಿಡದ್ರಿ?"

"ಎದುರಿಗೆ ಬಂದವರದೆಲ್ಲಾ ರೀ."

ಆಯಿ ಸೆರಗು ಬಾಯಿಗೆ ಒತ್ತಿ ನಕ್ಕರು. ಒಳಗಿನಿಂದ ಹೆಂಗಸರು ಬಾಗಿಲಿಗೆ ಬಂದರು. ನಾನು ಬೈಗುಳಕ್ಕೆ ಸಜ್ಜಾಗಿ ಹೋಗಿದ್ದೆ, ನಗುವಿಗೆ ಆಗಿರಲಿಲ್ಲ.

"ತೋರಸ್ರಿ ನೋಡೂಣು," ಎಂದರು ಆಯಿ. "ಎಂಥಾ ಕುಣಿತಾ ಅಂತ ನಮಗೂ ತಿಳೀಲಿ."

ಇಬ್ಬರು ಬೇಕು, ಒಬ್ಬನಿಂದ ಆಗದು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಯಿ ಭರತೇಶನ ಕಡೆ ಗದ್ದ ಎತ್ತಿದರು. "ಅಲ್ಲೇ ಕುಂತಾರಲ್ಲ ನಿಮ್ಮ ಮಗಾ."

ಭರತೇಶ ಕೂತಲ್ಲೇ ಇದ್ದ. ಬೇಡ ಎನ್ನುತ್ತಾನೆ, ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡೆ. ಅವನು ಕಪ್ಪು ಕೆಳಗಿಟ್ಟು ಎದ್ದು ಬಂದ. ನಾನು ಕೈ ಚಾಚಿದೆ, ಹಿಡಿದ. ಅವನು ಶಾಲೆಗೆ ಹೋಗುವುದನ್ನು ಬಿಟ್ಟ ಮೇಲೆ ನಾವಿಬ್ಬರೂ ಕೈ ಹಿಡಿದದ್ದಿಲ್ಲ. ಅಂಗೈ ಬೆವತಿತ್ತು, ಅವನದೋ ನನ್ನದೋ.

"ಯಾವ ಕಾಲು ಮೊದಲ ರೀ ಅಪ್ಪಾ?"

ಬಲಗಾಲು ಎಂದೆ. ಎರಡು ಹೆಜ್ಜೆ ಬಲಕ್ಕೆ, ಎರಡು ಎಡಕ್ಕೆ. ಸುತ್ತಿನಲ್ಲಿ ಅವನು ನನ್ನ ಹೆಬ್ಬೆರಳು ತುಳಿದ. ಹೆಂಗಸರು ಹೋ ಎಂದು ನಕ್ಕರು. ವರನ ತಂದೆ ಬಗ್ಗಿ ತಮ್ಮ ಚಹಾದ ಕಪ್ಪು ಬದಿಗೆ ಸರಿಸಿದರು.

"ಸಾಕು ಕುಂದರ್ರಿ, ಬಿದ್ದೀರಿ," ಎಂದರು ಆಯಿ. ಕಣ್ಣು ಒರೆಸಿಕೊಂಡು ಭರತೇಶನಿಗೆ ಹೇಳಿದರು: "ನಿಮ್ಮ ಮಾತು ನಿಮಗ ವಾಪಸ್ ಕೊಟ್ಟೇವ್ರಿ. ಅಜ್ಜಾನ ಕರಕೊಂಡು ಹೋಗಿ ಕುಣಸೂ ಹುಡುಗಿ ನಮ್ಮ ಗಿರಣ್ಯಾಗ ಏನ ಮಾಡತಾಳ? ಓದಾಕ ಕಳಸ್ರಿ."

ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಚಪ್ಪಲಿ ಮೆಟ್ಟುತ್ತ ಭರತೇಶ, ಅಕ್ಷತಾಗೆ ಫೋನು ಹಚ್ಚಿ ಹೇಳಿ ಎಂದ. ನೀನೇ ಹೇಳು, ನನ್ನ ಬಾಯಿಗೆ ಸಾಕು ಎಂದೆ. ಅವನು ಹಚ್ಚಿದ. ಫೋನು ಪೂರ್ತಿ ಒಂದು ಸಲ ರಿಂಗಾಗುವ ಮೊದಲೇ ಅವಳು ಎತ್ತಿದಳು. "ಹೋಗವಾ," ಎಂದ. ಫೋನನ್ನು ನನ್ನ ಕೈಗೆ ತುರುಕಿ ಕಾರಿನ ಕಡೆ ನಡೆದ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನಡುನಡುವೆ ಏನೇನೋ ಹೇಳುತ್ತಿದ್ದಳು. ನಾನು ಹೂಂ ಎಂದು ಸಹ ಅನ್ನದೆ, ನೋಯುವ ಹೆಬ್ಬೆರಳನ್ನು ಎತ್ತಿ ಹಿಡಿದು ಒಂಟಿ ಕಾಲ ಮೇಲೆ ನಿಂತು, ಅವಳು ಹೇಳುವುದನ್ನೆಲ್ಲ ಕೇಳಿದೆ.